ಹಿಮ ಚಿರತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ

ಅರಣ್ಯ ಇಲಾಖೆಯ ಮಾನ್ಯ ಮೇಲಧಿಕಾರಿಗಳೇ,

ನಮ್ಮ ತಾಲ್ಲೂಕಿನಲ್ಲಿ ಹಿಮ ಚಿರತೆ ಇಲ್ಲವೆಂದು ಲಿಖಿತವಾಗಿ ತಿಳಿಸಿದ್ದಕ್ಕೆ ಮೊದಲು ಧನ್ಯವಾದ. ನಮಗೂ ಸ್ವಲ್ಪ ಹಾಗೆಯೇ ಅನ್ನಿಸಿತ್ತು. ಏಪ್ರಿಲ್ ತಿಂಗಳಲ್ಲಿ ಚನ್ನರಾಯನದುರ್ಗದ ಬಂಡೆಯ ಮೇಲೆ ಬರಿಗಾಲಿಟ್ಟವರು ಯಾರೂ ಅಲ್ಲಿ ಹಿಮವನ್ನು ನಿರೀಕ್ಷಿಸುವುದಿಲ್ಲ. ಆದರೂ ತಮ್ಮ ಕಚೇರಿ ಶ್ರಮವಹಿಸಿ, ಮುದ್ರೆ ಒತ್ತಿ, ನನ್ನ ತಮ್ಮನಿಗೆ ಹೀಗೆಂದು ಉತ್ತರ ಬರೆಯಿತು: "ಹಿಮ ಚಿರತೆ ಎಂಬ ಪ್ರಾಣಿಯು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ವ್ಯಾಪ್ತಿಯಲ್ಲಿ ಕಂಡುಬರುವುದಿಲ್ಲವಾದ್ದರಿಂದ ಸದರಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ."

ಅರ್ಜಿಯಲ್ಲಿ ಅವನು ಕೇಳಿದ್ದು ಹಿಮ ಚಿರತೆಯನ್ನಲ್ಲ. ನಮ್ಮೂರಿನ ಇಪ್ಪತ್ತೆರಡು ಕುರಿ ಕೂಡುವ ರೊಪ್ಪಗಳ ಮೇಲೆ ಹಾಸಲು ತಂತಿ ಜಾಲರಿ ಕೇಳಿದ್ದ. ಆ ಉತ್ತರ ಬಂದ ನಾಲ್ಕನೆಯ ತಿಂಗಳಿಗೆ ಅದೇ ಇಪ್ಪತ್ತೆರಡರಲ್ಲಿ ಒಂದು ರೊಪ್ಪದೊಳಗೆ ಒಂದು ಚಿರತೆ ಬಿತ್ತು, ಆರು ಗಂಟೆ ಕಾಯಿತು, ಹೊರಗೆ ಬಂತು, ಬಡಿಗೆಯ ಏಟಿಗೆ ಸತ್ತಿತು. ಅದನ್ನು ಕೊಂದ ಮೊದಲನೆಯ ಆರೋಪಿ ಎಂದು ತಮ್ಮ ಕಾಗದದಲ್ಲಿ ಇರುವ ಹೆಸರು ನನ್ನ ತಮ್ಮನದು. ನನ್ನ ದೂರು ಇದೇ. ಮುಂದೆ ಬರೆಯುವುದೆಲ್ಲ ಇದರ ವಿವರ.

ನಾನು ಯಶೋಧರಾ, ಕೊರಟಗೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಸರ್ಕಾರಿ ನೌಕರಳು ಹೀಗೆ ಬಹಿರಂಗವಾಗಿ ಬರೆಯಬಾರದೆಂಬ ನಿಯಮ ನನಗೆ ಗೊತ್ತಿದೆ. ನಿಯಮ ಗೊತ್ತಿದ್ದದ್ದೇ ನನ್ನ ಈಗಿನ ಸಂಕಟಕ್ಕೆ ಕಾರಣ, ಅದನ್ನು ಆಮೇಲೆ ಹೇಳುತ್ತೇನೆ. ನಮ್ಮ ಅಪ್ಪ ಬೌದ್ಧರಾದ ಮೇಲೆ ಹುಟ್ಟಿದವರು ನಾವಿಬ್ಬರು. ಬುದ್ಧನ ಹೆಂಡತಿಯ ಹೆಸರು ನನಗೆ, ಅವನು ಕುಳಿತ ಮರದ ಹೆಸರು ತಮ್ಮನಿಗೆ. ಅಶ್ವತ್ಥ ಇಪ್ಪತ್ತೊಂದನೆಯ ವಯಸ್ಸಿಗೆ ಸೇನೆಗೆ ಸೇರಿದ. ಹದಿನೇಳು ವರ್ಷ ಲಾರಿ ಓಡಿಸಿದ. ಕೊನೆಯ ನಾಲ್ಕು ವರ್ಷ ಲಡಾಖ್‌ನಲ್ಲಿದ್ದ. ಊರಿಗೆ ಹಿಂದಿರುಗುವಾಗ ಒಂದು ಟ್ರಂಕು, ಒಂದು ಸ್ವೆಟರು, ಎಷ್ಟು ಸಲ ಹೇಳಿದರೂ ಅವನಿಗೆ ಸಾಕಾಗದ ಒಂದು ಕಥೆ ತಂದ.

ಕಥೆ ಹೀಗಿದೆ. ಅದೊಂದು ಫೆಬ್ರವರಿ. ಹಿಮ ಕುಸಿದು ರಸ್ತೆ ಮುಚ್ಚಿದ್ದರಿಂದ ಇವನ ಲಾರಿ ಒಂದು ಸಣ್ಣ ಊರಿನಲ್ಲಿ ಎರಡು ದಿನ ನಿಲ್ಲಬೇಕಾಯಿತು. ಬೆಳಿಗ್ಗೆ ಎದ್ದರೆ ಊರಿನಲ್ಲಿ ಗಲಾಟೆ. ಒಬ್ಬ ಮುದುಕಿಯ ಕುರಿಯ ಕೊಟ್ಟಿಗೆಯೊಳಕ್ಕೆ ಮಾಳಿಗೆಯ ತೂತಿನಿಂದ ಹಿಮ ಚಿರತೆ ಇಳಿದು, ಒಂಬತ್ತು ಕುರಿ ಕೊಂದು, ಮತ್ತೆ ಮೇಲೆ ಹತ್ತಲಾರದೆ ಮೂಲೆಯಲ್ಲಿ ಕುಳಿತಿತ್ತು. ಊರಿನ ಗಂಡಸರು ದೊಣ್ಣೆ ಹಿಡಿದು ಬಂದಿದ್ದರು. ಅಶ್ವತ್ಥ ಗೋಡೆಯ ಸಂದಿನಿಂದ ಇಣುಕಿ ನೋಡಿದ. "ಅಕ್ಕಾ, ಒಲೆ ಬೂದಿ ಗುಡ್ಡೆ ಹಾಕ್ದಂಗೆ ಕುಂತಿತ್ತು ಕಣಕ್ಕ," ಎನ್ನುತ್ತಿದ್ದ. "ಅದ್ರ ಬಾಲ ನೋಡ್ಬೇಕು ನೀನು, ಮೈಯಷ್ಟೇ ಉದ್ದ, ನನ್ ತೋಳಿನಷ್ಟು ದಪ್ಪ. ಮೂತಿಗೆ ಸುತ್ಕೊಂಡಿತ್ತು, ನಾವು ಚಳೀಗೆ ಟವಲ್ ಸುತ್ಕೊಳ್ಳಲ್ವಾ ಅಂಗೆ. ಕಣ್ಣು ಮಾತ್ರ ಆಚೆ. ತಿಳಿ ಹಸಿರು. ನನ್ನೇ ನೋಡ್ತಿತ್ತು. ಸಿಟ್ಟಿಲ್ಲ, ಏನಿಲ್ಲ. ನಾನೇ ಅವ್ರ ಮನೇಗೆ ಹೇಳ್ದೆ ಕೇಳ್ದೆ ಬಂದ್ಬುಟ್ಟಿದೀನೇನೋ ಅನ್ನಂಗೆ."

ಆ ಮುದುಕಿ ಗಂಡಸರನ್ನೆಲ್ಲ ಬೈದು ಮನೆಯೊಳಕ್ಕೆ ಕಳಿಸಿದಳು. ಇಬ್ಬರನ್ನು ಮಾತ್ರ ಇಟ್ಟುಕೊಂಡು, ಮಾಳಿಗೆಯ ತೂತಿನಿಂದ ಒಂದು ಮರದ ದಿಮ್ಮಿಯನ್ನು ಓರೆಯಾಗಿ ಒಳಗೆ ಇಳಿಬಿಡಿಸಿ, ತಾನೂ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಅರ್ಧ ಗಂಟೆಯ ಮೇಲೆ ಚಿರತೆ ದಿಮ್ಮಿ ಹತ್ತಿ ಮಾಳಿಗೆಗೆ ಬಂತು, ಮೈ ಕೊಡವಿತು, ಒಂದೇ ನೆಗೆತಕ್ಕೆ ಬೀದಿ ದಾಟಿ ಆಚೆಯ ಬಂಡೆಯ ಮೇಲೆ ನಿಂತಿತು. ಹನ್ನೊಂದು ನಿಮಿಷ ಅಲ್ಲೇ ನಿಂತಿತ್ತಂತೆ. ಇವನು ಲಾರಿಯ ಗಾಜಿನ ಹಿಂದೆ ಕುಳಿತು ಗಡಿಯಾರ ನೋಡಿದ್ದಾನೆ. ಆಮೇಲೆ ಅದು ಎಲ್ಲಿಗೂ ಹೋಗಲಿಲ್ಲ, ಆದರೆ ಇರಲಿಲ್ಲ. ಬಂಡೆಯ ಬಣ್ಣ ಯಾವುದು, ಅದರ ಬಣ್ಣ ಯಾವುದು ಎಂದು ತಿಳಿಯದ ಹಾಗೆ ಕರಗಿತ್ತು.

ಒಂಬತ್ತು ಕುರಿ ತಿಂದದ್ದನ್ನು ಯಾಕೆ ಬಿಟ್ಟೆ ಎಂದು ಇವನು ಜೊತೆಗಾರನ ಮೂಲಕ ಮುದುಕಿಯನ್ನು ಕೇಳಿದ. ಆಕೆ ದೇವರ ಮಾತನ್ನಾಗಲಿ ಧರ್ಮದ ಮಾತನ್ನಾಗಲಿ ಆಡಲಿಲ್ಲ. "ಸಿಟ್ಟು ಬಂದಿದೆ, ಬಹಳ ಬಂದಿದೆ. ಆದರೆ ಮಾಳಿಗೆಯ ತೂತು ನನ್ನದು," ಎಂದಳಂತೆ. ಮರುವರ್ಷ ಯಾವುದೋ ಸಂಸ್ಥೆಯವರು ಬಂದು ಆ ಊರಿನ ಕೊಟ್ಟಿಗೆಗಳಿಗೆಲ್ಲ ಜಾಲರಿ ಹಾಕಿಸಿಕೊಟ್ಟರು. ಇವನು ನಿವೃತ್ತನಾಗಿ ಬರುವ ತನಕ ಅಲ್ಲಿ ಒಂದು ಕುರಿಯೂ ಹೋಗಲಿಲ್ಲ, ಒಂದು ಚಿರತೆಯೂ ಸಾಯಲಿಲ್ಲ.

ಮಾನ್ಯರೇ, ಈ ದೇಶದಲ್ಲಿ ಉಳಿದಿರುವ ಹಿಮ ಚಿರತೆಗಳು ಏಳು ನೂರು ಚಿಲ್ಲರೆ ಎಂದು ಲೆಕ್ಕ ಹಾಕಿದ್ದಾರೆ. ನಮ್ಮ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಅದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. ಗರ್ಜಿಸಲು ಬಾರದ, ಮನುಷ್ಯನ ಮೇಲೆ ಬೀಳದ, ಉಸಿರಾಡಲು ಗಾಳಿಯೇ ಸಾಲದ ಎತ್ತರದಲ್ಲಿ ಒಂಟಿಯಾಗಿ ಬದುಕುವ ಆ ಪ್ರಾಣಿಯನ್ನು ಉಳಿಸುತ್ತಿರುವವರು ಯಾರು? ತಾವು ಗೋಡೆಗೆ ಅಂಟಿಸುವ ಭಿತ್ತಿಪತ್ರವೇ? ಅಲ್ಲ. ಕುರಿ ಕಳೆದುಕೊಂಡು, ಸಿಟ್ಟನ್ನು ನುಂಗಿಕೊಂಡು, ದಿಮ್ಮಿ ಇಳಿಬಿಡುವ ಹೆಂಗಸರು. ಅವರ ಸಿಟ್ಟು ಒಂದು ದಿನ ತಡೆಯದೆ ಹೋದರೆ ಏಳು ನೂರು ಆರು ನೂರಾಗುತ್ತದೆ. ಅವರಿಗೆ ಬೇಕಾದದ್ದು ಜಾಲರಿ. ಇಷ್ಟನ್ನು ನನ್ನ ತಮ್ಮ ಲಾರಿಯ ಗಾಜಿನ ಹಿಂದೆ ಕುಳಿತು ಹನ್ನೊಂದು ನಿಮಿಷದಲ್ಲಿ ಕಲಿತ.

ಊರಿಗೆ ಬಂದ ಮೇಲೆ ಅವನು ಈ ಕಥೆಯನ್ನು ಎಲ್ಲರಿಗೂ ಹೇಳಿದ. ಟೀ ಅಂಗಡಿಯಲ್ಲಿ ಹೇಳಿದ, ಕ್ಷೌರದಂಗಡಿಯಲ್ಲಿ ಹೇಳಿದ, ನನ್ನ ಶಾಲೆಗೆ ಬಂದು ಒಂಬತ್ತನೇ ತರಗತಿಗೆ ಹೇಳಿದ. ಬಾಲವನ್ನು ತೋರಿಸಲು ನನ್ನ ಶಾಲು ಕಿತ್ತುಕೊಂಡು ಕುತ್ತಿಗೆಗೆ ಸುತ್ತಿಕೊಂಡು ಬೆಂಚಿನ ಮೇಲೆ ಕೂತ. ಮಕ್ಕಳು ನಕ್ಕರು, ಆಮೇಲೆ ನಗುವುದನ್ನು ಮರೆತು ಕೇಳಿದರು. ನಮ್ಮೂರಿನ ಕುರಿ ಸಾಕುವ ಚಿಕ್ಕಹನುಮಯ್ಯನಿಗೂ ಹೇಳಿದ. ಚಿಕ್ಕಹನುಮಯ್ಯ ಅರವತ್ತು ದಾಟಿದವರು, ದುರ್ಗದ ತಪ್ಪಲಿನ ಒಂದೊಂದು ಬಂಡೆಯ ಗುರುತೂ ಅವರಿಗುಂಟು. ಪೂರ್ತಿ ಕೇಳಿ, ಬೀಡಿ ಆರಿಸಿ, "ಅಲ್ಲಾ ಕಣ್ಲಾ, ಮಂಜಿನ ಚಿರತೆ ಕಥೆ ಕಟ್ಕಂಡು ನಾನೇನ್ಲಾ ಮಾಡ್ಲಿ? ನಮ್ ಗುಡ್ಡದ್ದು ಹೋದ ವಾರ ನನ್ ಟಗರು ಹೊತ್ಕಂಡೋಯ್ತಲ್ಲ, ಅದಕ್ಕೆ ಹೇಳು," ಎಂದರು.

"ಅದಕ್ಕೇ ಹೇಳ್ತಿರೋದು ಕಣಣ್ಣ. ಅಲ್ಲೂ ತೂತು ರೊಪ್ಪದ್ದೇ, ಇಲ್ಲೂ ತೂತು ರೊಪ್ಪದ್ದೇ," ಎಂದ ಇವನು.

ಮುಂದಿನ ವಾರವೇ ಇಬ್ಬರೂ ಸೇರಿ ಒಂದು ಹಳೆಯ ಕೋಳಿ ಫಾರಂನವರು ಬಿಸಾಡಿದ ಜಾಲರಿಯನ್ನು ಎತ್ತಿಕೊಂಡು ಬಂದರು. ರೊಪ್ಪದ ಮೇಲೆ ಕಂಬಿ ಅಡ್ಡ ಹಾಕಿ, ಜಾಲರಿ ಬಿಗಿದು, ಬಾಗಿಲಿಗೆ ತಗಡು ಹೊಡೆದರು. ಹದಿನಾಲ್ಕು ತಿಂಗಳು ಚಿಕ್ಕಹನುಮಯ್ಯನ ಒಂದು ಮರಿಯೂ ಹೋಗಲಿಲ್ಲ. ಚಿರತೆ ಬರುತ್ತಿರಲಿಲ್ಲವೆಂದಲ್ಲ. ಎರಡು ಸಲ ರೊಪ್ಪದ ಸುತ್ತ ಹೆಜ್ಜೆ ಕಂಡಿತ್ತು. ಬಂದು, ಸುತ್ತಿ, ಹೋಗಿತ್ತು. "ಬಂದಿತ್ತು ಕಣಮ್ಮ ಮಹರಾಯ, ಏನೂ ಸಿಗದೆ ಹೋಯ್ತು ಪಾಪ," ಎಂದು ನನ್ನೆದುರು ನಗುತ್ತಾ ಹೇಳಿದರು ಚಿಕ್ಕಹನುಮಯ್ಯ. ಟಗರು ಕಳೆದುಕೊಂಡ ದಿನ ವಿಷ ಹಾಕುತ್ತೇನೆಂದು ಹಾರಾಡಿದ ಮನುಷ್ಯ ಅವರು. ಆ "ಪಾಪ" ಎನ್ನುವ ಮಾತನ್ನು ಅವರ ಬಾಯಿಂದ ಹೊರಡಿಸಲು ತಮ್ಮ ಇಲಾಖೆಗೆ ಎಷ್ಟು ಜಾಗೃತಿ ಶಿಬಿರಗಳು ಬೇಕಾಗುತ್ತಿದ್ದವು?

ಉಳಿದವರೂ ಕೇಳತೊಡಗಿದರು. ಕೋಳಿ ಫಾರಂನಲ್ಲಿ ಮತ್ತೆ ಜಾಲರಿ ಇರಲಿಲ್ಲ. ಅಶ್ವತ್ಥ ಮನೆಮನೆಗೆ ಹೋಗಿ ಅಳತೆ ತೆಗೆದುಕೊಂಡು ಇಪ್ಪತ್ತೆರಡು ರೊಪ್ಪಗಳ ಪಟ್ಟಿ ಮಾಡಿದ, ನಕ್ಷೆ ಬರೆದ, ತಮ್ಮ ಕಚೇರಿಗೆ ಅರ್ಜಿ ಕೊಟ್ಟ. ಅವನು ಮಾಡಿದ ತಪ್ಪು ಒಂದೇ. ಅರ್ಜಿಯ ಮೊದಲ ಪ್ಯಾರಾದಲ್ಲಿ ಹಿಮ ಚಿರತೆಯ ಕಥೆ ಬರೆದ. ಜಾಲರಿಯ ಮಾತು ಎರಡನೆಯ ಪ್ಯಾರಾದಲ್ಲಿತ್ತು. ಎರಡನೆಯ ಪ್ಯಾರಾದ ತನಕ ಯಾರಾದರೂ ಓದುತ್ತಾರೆಂದು ನಂಬಿದ್ದು ಹದಿನೇಳು ವರ್ಷ ಸೇನೆಯಲ್ಲಿದ್ದವನ ಮುಗ್ಧತೆ.

ಉತ್ತರ ಹಿಡಿದುಕೊಂಡು ಅವನು ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ. ಗುಮಾಸ್ತರು ಕಡತ ತೆಗೆದು ಬೆರಳಿಟ್ಟು ತೋರಿಸಿದರು. "ನೋಡಿ, ನೀವೇ ಬರ್ದಿದೀರಲ್ಲ, ಹಿಮ ಚಿರತೆ ಅಂತ."

"ಸಾರ್, ಅದು ಉದಾಹರಣೆಗೆ ಬರ್ದಿದ್ದು."

"ಉದಾಹರಣೆಗೆ ನಮ್ಮಲ್ಲಿ ಕಾಲಂ ಇಲ್ಲ."

"ಹಂಗಾರೆ ಆ ಪ್ಯಾರಾ ತೆಗ್ದು ಹೊಸ ಅರ್ಜಿ ಕೊಡ್ಲಾ ಸಾರ್?"

"ಒಂದು ಸಲ ಮುಕ್ತಾಯ ಆಗಿದೆ. ಅದೇ ವಿಷಯಕ್ಕೆ ಮತ್ತೆ ಕೊಟ್ಟರೆ ಮತ್ತೆ ಮುಕ್ತಾಯ ಮಾಡಬೇಕಾಗುತ್ತೆ. ಮುಂದಿನ ವರ್ಷ ನೋಡಿ."

ಅವರು ಕೆಟ್ಟವರಲ್ಲ. ನಮಗಿಬ್ಬರಿಗೂ ಕುಳಿತುಕೊಳ್ಳಲು ಹೇಳಿದರು, ನೀರು ಕೊಟ್ಟರು. ನಾವು ಕುಳಿತ ಬೆಂಚಿನ ಎದುರಿನ ಗೋಡೆಯಲ್ಲಿ ಒಂದು ಚಿತ್ರವಿತ್ತು. ನೀಲಿ ಬೆಟ್ಟ, ಬಿಳಿ ಹಿಮ, ನಡುವೆ ಬಾಲ ಸುತ್ತಿಕೊಂಡು ಕುಳಿತ ಹಿಮ ಚಿರತೆ. ಕೆಳಗೆ "ಪ್ರಥಮ ಬಹುಮಾನ, ಅನುಷಾ, ಒಂಬತ್ತನೇ ತರಗತಿ" ಎಂದಿತ್ತು. ನನ್ನ ವಿದ್ಯಾರ್ಥಿನಿ. ವನ್ಯಜೀವಿ ಸಪ್ತಾಹಕ್ಕೆ "ಹಿಮ ಚಿರತೆಯನ್ನು ರಕ್ಷಿಸಿ" ಎಂಬ ವಿಷಯದ ಮೇಲೆ ಚಿತ್ರ ಬರೆಸಿ ಕಳಿಸಬೇಕೆಂದು ಸುತ್ತೋಲೆ ಹೊರಡಿಸಿದ್ದು ತಮ್ಮ ಕಚೇರಿಯೇ. ಆ ಮಗು ಬರೆದದ್ದು ಅಶ್ವತ್ಥ ಹೇಳಿದ್ದನ್ನು ಕೇಳಿ. ಚಿತ್ರಕ್ಕೆ ಹಿಮ ಚಿರತೆ ತಮ್ಮ ವ್ಯಾಪ್ತಿಗೆ ಬರುತ್ತದೆ, ಜಾಲರಿಗೆ ಬರುವುದಿಲ್ಲ. ಈ ಗಡಿರೇಖೆ ಯಾವ ನಕ್ಷೆಯಲ್ಲಿದೆ ಎಂದು ತಿಳಿಸಿದರೆ ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಬೆಳಿಗ್ಗೆ ಆರೂವರೆಗೆ ಓಬಳಮ್ಮ ನಮ್ಮ ಮನೆಯ ಬಾಗಿಲು ಬಡಿದಳು. ಓಬಳಮ್ಮ ನಮ್ಮ ಬೀದಿಯ ಕೊನೆಯ ಮನೆಯವಳು, ಹದಿನೆಂಟು ಮೇಕೆ ಸಾಕಿದ್ದಳು. ಅಶ್ವತ್ಥನ ಪಟ್ಟಿಯಲ್ಲಿ ಏಳನೆಯ ಹೆಸರು. ಅವಳ ರೊಪ್ಪಕ್ಕೆ ಆಳೆತ್ತರದ ಕಲ್ಲುಗೋಡೆ, ಮೇಲೆ ಜೋಡಿಸಿಟ್ಟ ತಗಡಿನ ಶೀಟು, ಹಿಂದಿನ ಗೋಡೆಗೆ ಒತ್ತಿಕೊಂಡೇ ಗುಡ್ಡ. ಗುಡ್ಡದ ಕಡೆಯಿಂದ ಬಂದ ಚಿರತೆ ಎರಡು ಶೀಟಿನ ಸಂದಿಯಲ್ಲಿ ಜಾರಿ ಒಳಗೆ ಬಿದ್ದಿತ್ತು. ಶೀಟು ಮತ್ತೆ ಮುಚ್ಚಿಕೊಂಡಿತ್ತು. ಬಾಗಿಲು ತೆಗೆಯಲು ಹೋದ ಓಬಳಮ್ಮ ಒಳಗಿನ ಉಸಿರು ಕೇಳಿ, ಸಂದಿಯಿಂದ ಇಣುಕಿ, ಚಿಲಕ ಹಾಕಿ ಓಡಿ ಬಂದಿದ್ದಳು. "ಅಶ್ವತ್ಥಣ್ಣ, ಒಳಗೈತೆ ಕಣಣ್ಣ, ನನ್ ಮೇಕೆಗುಳೆಲ್ಲ ಮೂಲೇಲಿ ಗುಡ್ಡೆ ಬಿದ್ದವೆ, ಹೆಂಗ್ ಮಾಡ್ಲಿ?"

ಅಶ್ವತ್ಥ ಆರು ನಲವತ್ತಕ್ಕೆ ತಮ್ಮ ಸಹಾಯವಾಣಿಗೆ ಫೋನ್ ಮಾಡಿ ತನ್ನ ಹೆಸರು, ಊರು ಹೇಳಿದ. ಏನನ್ನೂ ಮುಟ್ಟಬೇಡಿ, ತಂಡ ಹೊರಡುತ್ತಿದೆ ಎಂದರು. ಅಷ್ಟರಲ್ಲಿ ಚಿಕ್ಕಹನುಮಯ್ಯ ಬಂದರು. ಇಬ್ಬರೂ ಸೇರಿ ಹೊಂಗೆ ಮರದ ಉದ್ದನೆಯ ಒಂದು ದಿಮ್ಮಿಯನ್ನು ಗುಡ್ಡದ ಕಡೆಗೆ ಹೊತ್ತು ತಂದರು. ಆಗ ಅಲ್ಲಿದ್ದವರು ಒಟ್ಟು ಒಂಬತ್ತು ಜನ, ಎಲ್ಲರೂ ನಮ್ಮ ಬೀದಿಯವರು. ಹಿಂದಿನ ಶೀಟು ಸರಿಸಿ, ದಿಮ್ಮಿ ಇಳಿಬಿಟ್ಟು, ಎಲ್ಲರೂ ಬಾಗಿಲು ಹಾಕಿಕೊಂಡು ಕುಳಿತರೆ ಸಾಕಿತ್ತು. ಅಲ್ಲಿಂದ ಗುಡ್ಡಕ್ಕೆ ನಾಲ್ಕು ಹೆಜ್ಜೆ. ದಿಮ್ಮಿ ಎತ್ತುವ ಮೊದಲು ಅಶ್ವತ್ಥ ಶಿಸ್ತಿನ ಮನುಷ್ಯನಾದ್ದರಿಂದ ಇನ್ನೊಂದು ಸಲ ಫೋನ್ ಮಾಡಿ ಹೇಳಿದ: "ಹಿಂಗ್ ಮಾಡ್ತೀವಿ ಸಾರ್, ಐದು ನಿಮಿಷದ ಕೆಲಸ." ಆ ಕಡೆಯ ಧ್ವನಿ ಗಡುಸಾಯಿತು. ಅನುಮತಿಯಿಲ್ಲದೆ ವನ್ಯಪ್ರಾಣಿಯನ್ನು ಬಿಡುವುದು ಅಪರಾಧ, ಯಾರಿಗಾದರೂ ಗಾಯವಾದರೆ ನಿಮ್ಮ ಮೇಲೆಯೇ ಕೇಸು, ಎಂದರು.

ಅವನು ಫೋನ್ ಇಟ್ಟು ನನ್ನ ಮುಖ ನೋಡಿದ. "ಅಕ್ಕಾ, ಈಗ ಬಿಟ್ರೆ ಹೋಗ್ಬುಡುತ್ತೆ ಕಣಕ್ಕ. ಇನ್ನೊಂದು ಗಂಟೆ ಆದ್ರೆ ಜನ ಸೇರ್ತಾರೆ."

ನಾನು ಹೇಳಿದೆ: "ಬೇಡ ಕಣೋ. ಅವರು ಬರ್ತೀವಿ ಅಂದಿದಾರಲ್ಲ. ನಿಯಮ ಅಂದ್ರೆ ನಿಯಮ."

ಅವನು ದಿಮ್ಮಿಯನ್ನು ಕೆಳಗಿಟ್ಟ. ಇಷ್ಟು ದಿನವಾದರೂ ಅವನು ಇದನ್ನು ಒಂದು ಸಲವೂ ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಎಂಟೂವರೆಗೆ ತಮ್ಮ ಇಲಾಖೆಯಿಂದ ಒಬ್ಬಳು ಬಂದಳು. ಶೃತಿ ಎಂಬ ಗಾರ್ಡು, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರದ ಹುಡುಗಿ. ಸ್ಕೂಟರಿನಲ್ಲಿ ಬಂದಳು. ಕೈಯಲ್ಲಿ ಒಂದು ಲಾಠಿ, ಕೊರಳಲ್ಲಿ ಒಂದು ಸೀಟಿ. ಆ ವೇಳೆಗೆ ಇನ್ನೂರು ಜನ ಸೇರಿದ್ದರು. ಯಾರೋ ತೆಗೆದ ವಿಡಿಯೋ ನಮಗಿಂತ ಮೊದಲೇ ಮಧುಗಿರಿ ಮುಟ್ಟಿತ್ತು. ಅವಳು ಸೀಟಿ ಊದಿದಳು, ಕೈಮುಗಿದಳು, ಹಗ್ಗ ಕಟ್ಟಿಸಿದಳು. ಮೇಲಿನವರಿಗೆ ಹದಿನಾಲ್ಕು ಸಲ ಫೋನ್ ಮಾಡಿದ್ದನ್ನು ನಾನೇ ಪಕ್ಕದಲ್ಲಿ ನಿಂತು ನೋಡಿದೆ. "ಮೇಡಂ, ಅರಿವಳಿಕೆ ಗನ್ನು ಒಂದೇ ಇರೋದು, ಅದು ಪಾವಗಡದ ಕಡೆ ಹೋಗಿದೆಯಂತೆ. ನಾನೇನ್ ಮಾಡ್ಲಿ ಮೇಡಂ, ನನ್ನ ಕೈಲಿ ಏನೂ ಇಲ್ಲ," ಎಂದು ನನ್ನ ಹತ್ತಿರ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಆಗಲಾದರೂ ದಿಮ್ಮಿ ಇಳಿಸಬಹುದೇ ಎಂದು ಅಶ್ವತ್ಥ ಕೇಳಿದ. ಗುಡ್ಡದ ಕಡೆಯೂ ಜನ ಹತ್ತಿ ಕೂತಿದ್ದರು. ದಾರಿ ಮುಚ್ಚಿಹೋಗಿತ್ತು.

ಹನ್ನೊಂದು ಗಂಟೆಗೆ ಸಾವಿರ, ಹನ್ನೆರಡಕ್ಕೆ ಎರಡು ಸಾವಿರ ಎಂದು ಆಮೇಲೆ ತಮ್ಮವರೇ ಅಂದಾಜು ಮಾಡಿದ್ದಾರೆ. ಕಡಲೆಕಾಯಿ ಮಾರುವವನೂ ಬಂದಿದ್ದ. ಅಶ್ವತ್ಥ ಒಂದು ಕೋಲು ಹಿಡಿದು ರೊಪ್ಪದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. "ಹಿಂದಕ್ಕೋಗ್ರಪ್ಪ, ಅದಕ್ಕೂ ಜೀವ ಹೋಗ್ತೈತೆ, ನಿಮಗೂ ಹೋಗ್ತೈತೆ," ಎಂದು ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಕೆಲವರು ಸಂದಿಯಿಂದ ಕಲ್ಲು ಹಾಕಿದರು. ಒಳಗಿನ ಸದ್ದು ಕೇಳಿ ನಕ್ಕರು. ಹನ್ನೆರಡೂವರೆಗೆ ನಾಲ್ಕೈದು ಜನ ಮೊಬೈಲು ಹಿಡಿದು ಶೀಟಿನ ಮೇಲೆ ಹತ್ತಿದರು. ಶೀಟು ಮುರಿಯಿತು.

ಆಮೇಲಿನದು ಒಂದು ನಿಮಿಷವೂ ಇರಲಾರದು. ಮುರಿದ ಜಾಗದಿಂದ ಅದು ಮೇಲಕ್ಕೆ ಚಿಮ್ಮಿತು. ಗುಡ್ಡದ ಕಡೆ ನೋಡಿತು, ಜನ. ಬೀದಿಯ ಕಡೆ ನೋಡಿತು, ಜನ. ಬೀದಿಗೇ ಹಾರಿತು. ಎದುರಿಗೆ ಸಿಕ್ಕ ಪ್ರಸನ್ನ ಕುಮಾರ್ ಎಂಬ ಪಕ್ಕದೂರಿನ ಆಟೋ ಓಡಿಸುವವನ ಭುಜ ಸೀಳಿತು. ಅಶ್ವತ್ಥ ಕೋಲನ್ನು ಅಡ್ಡ ಹಿಡಿದು ಅವರಿಬ್ಬರ ನಡುವೆ ನುಗ್ಗಿದ. ಅವನ ಮುಂಗೈ ಹರಿಯಿತು, ಅವನು ಬಿದ್ದ. ಚಿರತೆ ಓಬಳಮ್ಮನ ಜಗಲಿಯ ಕೆಳಗೆ ನುಸುಳಿತು. ಅಲ್ಲಿಂದ ಅದನ್ನು ಬಾಲ ಹಿಡಿದು ಎಳೆದರು. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳುವ ಹಕ್ಕು ನನಗಿಲ್ಲ ಎನ್ನಿಸಿತು.

ಒಂದೂ ಹತ್ತಕ್ಕೆ ತಮ್ಮ ವಾಹನ ಬಂತು. ಗನ್ನೂ ಬಂತು, ಬೋನೂ ಬಂತು. ಪಾವಗಡದ ಕಡೆಯ ಚಾಲಕ ಕೆಳಗಿಳಿದು ತಲೆಯ ಮೇಲೆ ಕೈ ಹೊತ್ತುಕೊಂಡ. "ಮೇಮೇಂ ಚೇಸ್ತಾಂ ಮೇಡಂ, ನಾವೇನ್ ಮಾಡೋದು, ರಾಯಚರ್ಲು ಪಕ್ಕ ಚಿರತೆ ಬಂದೈತೆ ಅಂತ ಫೋನ್ ಬಂತು, ಪೊದ್ದುನ್ನೇ, ಬೆಳಿಗ್ಗೇನೇ ಅಲ್ಲಿಗೆ ಹೋದ್ವಿ. ಸೋಲಾರ್ ಪ್ಲೇಟು ಕೆಳಗೆ ತೂರ್ಕೊಂಡಿತ್ತು, ನೋಡಿದ್ರೆ ಕಾಡುಬೆಕ್ಕು." ನಾಲ್ಕು ತಾಲ್ಲೂಕಿಗೆ ಒಂದು ಗನ್ನು. ನಾಲ್ಕು ತಾಲ್ಲೂಕಿನ ಗುಡ್ಡಗಳಲ್ಲೂ ಚಿರತೆ. ಈ ಗಣಿತವನ್ನು ನಾನು ಏಳನೇ ತರಗತಿಯವರಿಗೆ ಕೊಟ್ಟರೆ, ಪ್ರಶ್ನೆಯೇ ತಪ್ಪಾಗಿದೆ ಎಂದು ಎದ್ದು ನಿಂತು ಹೇಳುತ್ತಾರೆ.

ಸತ್ತದ್ದು ಹೆಣ್ಣು. ಎರಡು ವರ್ಷವಿರಬಹುದು ಎಂದರು ತಮ್ಮ ವೈದ್ಯರು. ಒಂದು ಮೇಕೆಯನ್ನೂ ಅದು ಕೊಂದಿರಲಿಲ್ಲ. ಹದಿನೆಂಟೂ ಬದುಕಿದ್ದವು. ಅಷ್ಟು ಹೊತ್ತೂ ಅದಕ್ಕಿದ್ದದ್ದು ಹಸಿವಲ್ಲ, ಭಯ. ರಕ್ತ ಸುರಿಯುತ್ತಿದ್ದ ಕೈಗೆ ನನ್ನ ಸೆರಗು ಸುತ್ತಿಕೊಂಡು ಅಶ್ವತ್ಥ ಅದರ ಪಕ್ಕ ಕುಳಿತಿದ್ದ. "ಯಾರು ಫೋನ್ ಮಾಡಿದ್ದು?" ಎಂದು ತಮ್ಮ ಅಧಿಕಾರಿ ಕೇಳಿದರು. "ನಾನು," ಎಂದ. ಹೆಸರು ಬರೆದುಕೊಂಡರು. ಅಲ್ಲಿ ಹೆಸರು ಕೇಳಿದ್ದು ಅವನೊಬ್ಬನನ್ನೇ. ಉಳಿದವರು ಆಗಲೇ ಮನೆ ಸೇರಿದ್ದರು.

ಎಲ್ಲ ವಿಡಿಯೋಗಳಲ್ಲೂ ಚಿರತೆಗೆ ಹತ್ತಿರ ಕೋಲು ಹಿಡಿದು ನಿಂತವನು ಅಶ್ವತ್ಥ. ಆದ್ದರಿಂದ ಅವನು ಮೊದಲನೆಯ ಆರೋಪಿ. ಎರಡನೆಯ ಸಾಲಿನಲ್ಲಿ "ಮತ್ತು ಸುಮಾರು ಎರಡು ಸಾವಿರ ಮಂದಿ ಅಪರಿಚಿತರು" ಎಂದಿದೆ. ಮಾನ್ಯರೇ, ಎರಡು ಸಾವಿರ ಅಪರಿಚಿತರು! ನಮ್ಮ ಹೋಬಳಿಯಲ್ಲಿ ಒಬ್ಬ ಹೊಸಬ ಬಸ್ಸಿಳಿದರೆ ಅವನು ಯಾರ ಮನೆಗೆ ಬಂದವನೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹುಡುಗಿ ಶೃತಿಗೂ ಕರ್ತವ್ಯಲೋಪದ ನೋಟಿಸು ಕೊಟ್ಟಿದ್ದೀರಿ. ಆ ದಿನ ಆ ಜಾಗದಲ್ಲಿ ಆ ಪ್ರಾಣಿಯ ಪರವಾಗಿ ನಿಂತವರು ಇಬ್ಬರೇ. ಇಬ್ಬರೂ ಸಿಕ್ಕಿಬಿದ್ದಿದ್ದಾರೆ. ತನಿಖೆ ಇಷ್ಟು ಅಚ್ಚುಕಟ್ಟಾಗಿ ನಡೆಯುವುದು ಅಪರೂಪ.

ಹೊಡೆದವರ ಹೆಸರು ಹೇಳು, ನಿನ್ನನ್ನು ಸಾಕ್ಷಿ ಮಾಡುತ್ತೇವೆ ಎಂದು ಅಶ್ವತ್ಥನಿಗೆ ಹೇಳಿದರು. ಅವನು ಹೇಳಲಿಲ್ಲ. ನಾನು ಮನೆಯಲ್ಲಿ ಜಗಳವಾಡಿದೆ. ಅದಕ್ಕವನು, "ಹೇಳ್ಬೌದು ಅಕ್ಕ. ಹೇಳ್ದೆ ಅನ್ಕೋ. ನಲವತ್ ಜನ ಕೋರ್ಟಿಗೆ ಅಲೀತಾರೆ. ಆಮೇಲೆ ಆ ನಲವತ್ ಮನೆಯೋರು ಗುಡ್ಡದಲ್ಲಿ ಒಂದು ಚಿರತೆ ಬಿಡ್ತಾರಾ? ಯಾರಿಗೂ ಹೇಳ್ದಂಗೆ ವಿಷ ಹಾಕ್ತಾರೆ," ಎಂದ. ಇದಕ್ಕೆ ತಮ್ಮ ಬಳಿ ಉತ್ತರವಿದೆಯೇ?

ಹದಿನೈದು ದಿನದ ಮೇಲೆ ಪ್ರಸನ್ನ ಕುಮಾರ್ ಬಂದ. ಭುಜಕ್ಕೆ ಇಪ್ಪತ್ತಾರು ಹೊಲಿಗೆ ಬಿದ್ದಿತ್ತು. ಕುಳಿತುಕೊಳ್ಳಲಿಲ್ಲ, ಬಾಗಿಲಲ್ಲೇ ನಿಂತ. "ಅಣ್ಣಾ, ನೀನ್ ಅಡ್ಡ ಬರ್ದೇ ಹೋಗಿದ್ರೆ ನನ್ ಕುತ್ಗೆ ಹೋಗ್ತಿತ್ತು. ಆದ್ರೂ ಎದ್ದು ನಾನೂ ಹೊಡ್ದೆ ಅಣ್ಣಾ. ಸತ್ತೋಗಿತ್ತು, ಆಗ್ಲೂ ಹೊಡ್ದೆ. ಯಾಕೆ ಹೊಡ್ದೆ ಅಂತ ಗೊತ್ತಾಗ್ತಿಲ್ಲ," ಎಂದು ಅತ್ತ. ಅಶ್ವತ್ಥ ಅವನನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದ. ಪ್ರಸನ್ನ ಕುಮಾರ್ ಠಾಣೆಗೆ ಹೋಗಿ ಇದನ್ನು ಹೇಳುವುದಿಲ್ಲ. ಅವನಿಗೂ ಇಬ್ಬರು ಮಕ್ಕಳು. ಹೇಳು ಎಂದು ನಾವೂ ಕೇಳಲಿಲ್ಲ. ಇದನ್ನು ಇಲ್ಲಿ ಬರೆಯಲು ಅವನೇ ಒಪ್ಪಿದ್ದಾನೆ. ಹೆಸರು ಬದಲಾಯಿಸಿದ್ದೇನೆ.

ಈಗ ಅಶ್ವತ್ಥ ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಾನೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಸಹಿ ಪ್ರತಿ ವಾರ ಬೇರೆ ಬೇರೆಯಾಗಿ ಕಾಣುತ್ತದೆಂದು ಅಲ್ಲಿಯವರು ಗದರುತ್ತಾರಂತೆ. ಲಡಾಖ್‌ನ ಕಥೆ ಹೇಳುವುದನ್ನು ಬಿಟ್ಟಿದ್ದಾನೆ. ಈ ವರ್ಷದ ಒಂಬತ್ತನೇ ತರಗತಿಯವರು ಕೇಳಿದರು, ಮಿಸ್, ನಿಮ್ಮ ತಮ್ಮ ಬರಲ್ವಾ ಎಂದು. ನಾನೇ ಹೇಳಲು ಹೋದೆ. ಆ ಬಾಲದ ತನಕ ಬಂದು ನಿಂತುಬಿಟ್ಟೆ. ನನ್ನ ಕಣ್ಣ ಮುಂದೆ ಬೇರೊಂದು ಬಾಲವಿತ್ತು.

ಓಬಳಮ್ಮ ಮೇಕೆಗಳನ್ನು ಮಾರಿಲ್ಲ. ಶೀಟಿನ ಮೇಲೆ ಕಲ್ಲು ಹೇರಿ ಇಟ್ಟಿದ್ದಾಳೆ. ಕಲ್ಲಿನ ಭಾರಕ್ಕೆ ಅದೂ ಒಂದು ದಿನ ಕುಸಿಯುತ್ತದೆ. ಉಳಿದ ರೊಪ್ಪಗಳೂ ಹಾಗೆಯೇ ಇವೆ. ಶಿರಾ ಕಡೆ ತಾವರೆಕೆರೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ. ಅಲ್ಲಿಯೂ ಇದೇ ಮಾತು, ಇದೇ ತಗಡು, ಇದೇ ಭಯ ಎನ್ನುತ್ತಾರೆ.

ನಾನು ಕೇಳುವುದು ಹೆಚ್ಚಿಲ್ಲ. ಅಶ್ವತ್ಥನ ಮೇಲಿನ ಪ್ರಕರಣವನ್ನು ಹಿಂತೆಗೆದುಕೊಳ್ಳಿ. ಅದು ಆಗದಿದ್ದರೆ, ದಿಮ್ಮಿಯನ್ನು ಕೆಳಗಿಡಿಸಿದ ನನ್ನ ಹೆಸರನ್ನೂ ಅವನ ಕೆಳಗೆ ಬರೆಯಿರಿ. ನಾನು ಪರಿಚಿತಳೇ, ವಿಳಾಸ ತಮ್ಮಲ್ಲಿದೆ. ಶೃತಿಗೆ ಕೊಟ್ಟ ನೋಟಿಸನ್ನು ಹರಿದುಹಾಕಿ. ಮುಕ್ತಾಯಗೊಳಿಸಿದ ಅರ್ಜಿಯನ್ನು ತೆಗೆದು ಎರಡನೆಯ ಪ್ಯಾರಾ ಓದಿ, ಜಾಲರಿ ಕೊಡಿ. ಹಿಮದಲ್ಲಿರುವ ಏಳು ನೂರಕ್ಕೂ, ನಮ್ಮ ಬಿಸಿಲು ಬಂಡೆಗಳ ನಡುವೆ ಎಷ್ಟಿವೆಯೆಂದು ಯಾರೂ ಸರಿಯಾಗಿ ಎಣಿಸದ ಇವಕ್ಕೂ ಬೇಕಾದದ್ದು ಅದೇ. ಇವೆಲ್ಲ ಆಗುತ್ತವೆಂಬ ನಂಬಿಕೆ, ನಿಜ ಹೇಳುವುದಾದರೆ, ನನಗಿಲ್ಲ.

ಆದರೆ ಒಂದಕ್ಕೆ ಮಾತ್ರ ಉತ್ತರ ಕೊಡಲೇಬೇಕು, ಅದೂ ಬೇಗ. ಹೋದ ಗುರುವಾರ ಗುಡ್ಡದ ಬುಡದ ಕೆಸರಿನಲ್ಲಿ ಚಿಕ್ಕಹನುಮಯ್ಯ ಹೊಸ ಹೆಜ್ಜೆ ನೋಡಿದ್ದಾರೆ. ದೊಡ್ಡ ಹೆಜ್ಜೆಯ ಪಕ್ಕ ಪುಟ್ಟ ಹೆಜ್ಜೆ. ಮರಿ ಜೊತೆಗಿದೆ. ಸಂಜೆ ಓಬಳಮ್ಮ ನಮ್ಮ ಮನೆಗೆ ಬಂದು ಅಶ್ವತ್ಥನ ಎದುರು ಕುಳಿತಳು. "ಅಣ್ಣಾ, ನಾಳೆ ನನ್ ರೊಪ್ಪಕ್ಕೇ ಬಂದು ಬಿತ್ತು ಅನ್ಕೋ. ಫೋನ್ ಮಾಡ್ಲಾ? ಇಲ್ಲ ಯಾರಿಗೂ ಹೇಳ್ದೆ ಬಾಗ್ಲು ತೆಗ್ದು ಬುಡ್ಲಾ?"

ಅಶ್ವತ್ಥ ನನ್ನ ಕಡೆ ನೋಡಿದ. ನಾನು ತಮಗೆ ಬರೆಯುತ್ತಿದ್ದೇನೆ.

ಇಂತಿ,
ಈ ಸಲ ಏನು ಹೇಳಬೇಕೆಂದು ತಿಳಿಯದ,
ಯಶೋಧರಾ
ವಿಜ್ಞಾನ ಶಿಕ್ಷಕಿ, ಚನ್ನರಾಯನದುರ್ಗ ಹೋಬಳಿ